ಕಲ್ಲುಬಾಳೆಯ ಬೀಜ

ಕನ್ನಡದಲ್ಲಿ ಕಾಬಾಳೆ, ಮರಾಠಿಯಲ್ಲಿ ಕರ್ದಳ, ತಮಿಳಿನಲ್ಲಿ ಕಲ್‌ವಾಳೈ: ಕ್ಯಾನಾ ಎಂಬ ಹೂಗಿಡಕ್ಕೆ ನೆರೆಹೊರೆಯ ಭಾಷೆಗಳಲ್ಲಿರುವ ಹೆಸರುಗಳಿವು. ತಮಿಳಿನ ಪದಾದಿ ವಕಾರಕ್ಕೆ ಕನ್ನಡದಲ್ಲಿ ಬಕಾರವು ಸಂವಾದಿಯಾಗಿ ನಿಲ್ಲುವುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತ. ಅದರಂತೆ ವಾಳೈ ಎಂದರೆ ಬಾಳೆ. ಕಲ್‌ವಾಳೈ ಎಂದರೆ ಕಲ್ಲುಬಾಳೆ. ಎಲೆಯನ್ನು ಕಂಡವರಿಗೆ ಬಾಳೆಯ ಹೋಲಿಕೆ ತಿಳಿಯುತ್ತದೆ. ಬೀಜವನ್ನು ಬಿತ್ತಹೊರಟವರಿಗೆ ಕಲ್ಲಿನ ಹೋಲಿಕೆಯೂ ತಿಳಿಯುತ್ತದೆ.

ಈ ಬೀಜ ಕಪ್ಪಾಗಿ, ಗುಂಡಾಗಿ, ಕೋವಿಯ ಚರೆಯಂತಿರುತ್ತದೆ, ಜಪಮಾಲೆಗೂ ಪೋಣಿಸಲ್ಪಟ್ಟಿದೆ. ಅದರ ಸಿಪ್ಪೆಯೊಳಗೆ ನೀರು ಸುಲಭವಾಗಿ ಇಳಿಯದು. ಅರ್ಜೆಂಟೀನಾದ ಪುರಾತನ ಗೋರಿಯೊಂದರಲ್ಲಿ ದೊರೆತ, ಸುಮಾರು 600 ವರ್ಷ ಹಳೆಯ ಕ್ಯಾನಾ ಬೀಜವೊಂದು ಮೊಳೆತದ್ದು ಸಸ್ಯವಿಜ್ಞಾನದಲ್ಲಿ ಪ್ರಸಿದ್ಧ ಸಂಗತಿ. ಬೀಜವನ್ನು ಶತಮಾನಗಳ ಕಾಲ ಕಾಯ್ದ ಆ ಗಡಸುತನವೇ ಬೆಳೆಗಾರನಿಗೆ ತೊಡಕು.

ಉದಕಮಂಡಲದಲ್ಲಿ ಇನ್ನೊಂದು ತೊಡಕೂ ಉಂಟು. 1848ರಲ್ಲಿ ಮ್ಯಾಕ್‌ಐವರ್ ರೂಪಿಸತೊಡಗಿದ ಅಲ್ಲಿನ ಸಸ್ಯೋದ್ಯಾನದಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ಪುಷ್ಪಪ್ರದರ್ಶನ ನಡೆಯುತ್ತದೆ. ಕ್ಯಾನಾದ ಗಿಡ್ಡ ತಳಿಗಳು ಬಿತ್ತಿದ ಮೂರು-ನಾಲ್ಕು ತಿಂಗಳಿಗೆ ಹೂಬಿಡುತ್ತವೆ. ಆದ್ದರಿಂದ ಮೇ ತಿಂಗಳ ಹೂವಿಗೆ ಜನವರಿಯಲ್ಲಿಯೇ ಬಿತ್ತಬೇಕು. ಆದರೆ ಸುಮಾರು 2,240 ಮೀಟರ್ ಎತ್ತರದ ಆ ಊರಿನಲ್ಲಿ ಆಗ ಹುಲ್ಲಿನ ಮೇಲಣ ಇಬ್ಬನಿಯೇ ಹೆಪ್ಪುಗಟ್ಟುತ್ತದೆ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಈ ಗಿಡದ ಎಳೆಯ ಸಸಿ ಅಂಥ ಚಳಿಯನ್ನು ತಾಳದು. ಹಸಿರುಮನೆಯ ಆವಶ್ಯಕತೆ ಇಲ್ಲಿದೆ.

ಬಿತ್ತನೆಯ ಕ್ರಮ ಸರಳ. ಬೀಜದ ಕಣ್ಣನ್ನು ಬಿಟ್ಟು ಮತ್ತೊಂದು ಬದಿಯನ್ನು ಅರದಿಂದಾಗಲಿ ಉಪ್ಪುಕಾಗದದಿಂದಾಗಲಿ ಒಳಗಿನ ಬಿಳುಪು ಕಾಣುವಷ್ಟು ಉಜ್ಜಬೇಕು. ಅದಕ್ಕಿಂತ ಆಳಕ್ಕೆ ಹೋದರೆ ಭ್ರೂಣಕ್ಕೆ ಪೆಟ್ಟಾದೀತು. ಬಳಿಕ ಉಗುರುಬೆಚ್ಚನೆಯ ನೀರಿನಲ್ಲಿ ಒಂದು ದಿನ ನೆನೆಯಿಸಬೇಕು. ನೀರು ಕುಡಿದ ಬೀಜ ಉಬ್ಬುತ್ತದೆ. ಉಬ್ಬದಿದ್ದುದನ್ನು ಮತ್ತೆ ಉಜ್ಜಬೇಕು. ತೆಂಗಿನ ನಾರಿನ ಪುಡಿ ತುಂಬಿದ ಕುಳಿತಟ್ಟೆಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ, 20ರಿಂದ 25 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಇರಿಸಿದರೆ ಒಂದರಿಂದ ಮೂರು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಸಸಿಗಳನ್ನು ಹೊರಗಿನ ಗಾಳಿಗೆ ಮೆಲ್ಲನೆ ಒಗ್ಗಿಸಿ, ಚಳಿ ಕಳೆದ ಮೇಲೆ ನೆಡಬೇಕು.

ಗೆಡ್ಡೆಯನ್ನು ಒಡೆದು ನೆಡುವುದು ಇದಕ್ಕಿಂತ ಸುಲಭವಲ್ಲವೇ ಎಂಬ ಪ್ರಶ್ನೆ ಸಹಜ. ಗೆಡ್ಡೆಯಿಂದ ತಾಯಿಗಿಡದ ಬಣ್ಣ ತಪ್ಪದೆ ಬರುತ್ತದೆ ನಿಜ. ತಾಯಿಗಿಡದ ನಂಜುರೋಗವೂ ಅದರೊಡನೆ ಬರುತ್ತದೆ. ಎಲೆಗಳಲ್ಲಿ ಹಳದಿ ಗೆರೆ ಮೂಡಿಸುವ ವೈರಸ್ಸು ಮುಖ್ಯವಾಗಿ ಹಬ್ಬುವುದು ಈ ದಾರಿಯಲ್ಲಿಯೇ. ಇತ್ತ ಅಂಗಳದ ಮಿಶ್ರತಳಿಯ ಬೀಜವಾದರೆ ಹೂವಿನ ಬಣ್ಣಕ್ಕೆ ಭರವಸೆಯಿಲ್ಲ. ಆದಕಾರಣ ವಾಣಿಜ್ಯ ಬೆಳೆಗಾರರು ಸಮರೂಪದ ಗಿಡಗಳನ್ನು ಕೊಡುವ ಮೊದಲ ಪೀಳಿಗೆಯ ಸಂಕರ ಬೀಜವನ್ನು ಕೊಳ್ಳುತ್ತಾರೆ. ಅಂಥ ಬೀಜಕ್ಕೂ ಅರದ ಉಜ್ಜು ಮಾತ್ರ ತಪ್ಪದು. ತಳಿ ಹೊಸದಾದರೂ ಸಿಪ್ಪೆ ಹಳೆಯ ಕಲ್ಲೇ.