ಕಂತಿನಲ್ಲಿ ಘಟ್ಟ ಹತ್ತುವವರಿಗೆ

ಸಾಲವನ್ನು ಕಂತಿನಲ್ಲಿ ತೀರಿಸುವುದು ನಮ್ಮ ಸದಸ್ಯರಿಗೆ ಹೊಸದಲ್ಲ. ನಡಿಗೆಯನ್ನೂ ಹಾಗೆಯೇ ತೀರಿಸಬಹುದೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಅಮೆರಿಕದ ಜಾರ್ಜಿಯಾದಿಂದ ಮೇಯ್ನ್‌ವರೆಗೆ ಸುಮಾರು 3,500 ಕಿಲೋಮೀಟರಿನ ಅಪಲೇಚಿಯನ್ ಕಾಲುದಾರಿಯಿದೆ. ಒಂದೇ ಸಲಕ್ಕೆ ಮುಗಿಸಲು ಐದಾರು ತಿಂಗಳು ಬೇಕು. ಮನೆ, ಕೆಲಸ ಉಳ್ಳವರು ವರ್ಷಕ್ಕೊಂದು ತುಂಡು ನಡೆದು, ಮರುವರ್ಷ ಬಿಟ್ಟಲ್ಲಿಂದ ಹಿಡಿಯುತ್ತಾರೆ. ನಾನೂ ನಮ್ಮ ಭಾವನೂ ನಮ್ಮ ಘಟ್ಟದಲ್ಲಿ ಹೀಗೇ ನಡೆಯುವುದೆಂದು ನಿಶ್ಚಯಿಸಿದೆವು. ಮೊದಲ ಕಂತು ಕುಮಾರಪರ್ವತ.

ದಾರಿ ಎರಡು. ಸುಬ್ರಹ್ಮಣ್ಯದಿಂದ ಗಿರಿಗದ್ದೆಯ ಮೇಲೆ ಹೋಗುವುದು ಒಂದು, ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತುವುದು ಇನ್ನೊಂದು. ಶಿಖರ 1,712 ಮೀಟರು. ಸುಬ್ರಹ್ಮಣ್ಯ ನೂರಿಪ್ಪತ್ತರ ಆಸುಪಾಸು. ಕೊಡಗಿನ ಬದಿಯಾದರೋ ಮೊದಲೇ ಎತ್ತರದ ನಾಡು. ನಾವು ಹಾಕಿದ್ದು ಸೋಮಾರಿಯ ಲೆಕ್ಕ: ಬೀದಳ್ಳಿಯಿಂದ ಹತ್ತಿ ಸುಬ್ರಹ್ಮಣ್ಯಕ್ಕೆ ಇಳಿದರೆ ಏರು ಕಡಿಮೆ.

ಹತ್ತುವಾಗ ಎಲ್ಲ ಸರಿಯಿತ್ತು. ಶೇಷಪರ್ವತ ದಾಟಿ ಬೋಳು ಹುಲ್ಲುಗುಡ್ಡ ಇಳಿಯತೊಡಗಿದ ಮೇಲೆ ಭಾವನ ಮಂಡಿ ಹಿಡಿಯಿತು. ಕಲ್ಲುಮಂಟಪಕ್ಕೆ ಬರುವಷ್ಟರಲ್ಲಿ ಅವರು ಹಿಂದುಮುಂದಾಗಿ ಕಾಲಿಟ್ಟು ಇಳಿಯುತ್ತಿದ್ದರು. ಗಿರಿಗದ್ದೆಯ ಕೆಳಗಿನ ಕಾಡಿನಲ್ಲಿ ಕತ್ತಲಾಯಿತು. ಇಬ್ಬರಿಗೆ ಒಂದೇ ಟಾರ್ಚು. ಎಷ್ಟು ಹೊತ್ತಿಗೆ ಪೇಟೆ ಮುಟ್ಟಿದೆವೆಂದು ಅಕ್ಕನಿಗೆ ಇನ್ನೂ ಹೇಳಿಲ್ಲ. ಅವಳು ಈ ಪತ್ರಿಕೆ ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಆ ವರ್ಷದ ಅಡಿಕೆ ಕೊಯ್ಲನ್ನು ಭಾವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡೇ ನೋಡಿಕೊಂಡರು.

ಆದ್ದರಿಂದ ನಮ್ಮ ವಯಸ್ಸಿನವರು ಏರು ನೋಡಿ ದಾರಿ ಆರಿಸಬಾರದು, ಇಳಿತ ನೋಡಿ ಆರಿಸಬೇಕು. ಏರಿನಲ್ಲಿ ಉಸಿರು ಕಟ್ಟಿದರೆ ಕುಳಿತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಮೈಭಾರವೆಲ್ಲ ಮಂಡಿಯ ಮೇಲೆ. ಸುಬ್ರಹ್ಮಣ್ಯದಿಂದ ಹತ್ತಿ ಬೀದಳ್ಳಿಗೆ ಇಳಿಯುವುದೇ ಮೇಲು. ಅಲ್ಲಿಯೂ ಕಾಡಿನೊಳಗೆ ಜಾರುವ ಬಂಡೆಗಳಿವೆ, ಆದರೆ ಇಳಿತ ಬಹಳ ಕಡಿಮೆ. ಒಂದೇ ದಿನದಲ್ಲಿ ಸಾವಿರದ ಆರುನೂರು ಮೀಟರು ಏರುವ ಧೈರ್ಯವಿಲ್ಲದವರು ಬೀದಳ್ಳಿಯಿಂದ ಹತ್ತಿ ಅಲ್ಲಿಗೇ ಇಳಿಯಲಿ. ಅದೂ ಒಂದು ಕಂತೇ. ಬೀದಳ್ಳಿಯಲ್ಲಿ ಬಸ್ಸು ವಿರಳ, ಜೀಪು ಮೊದಲೇ ಹೇಳಿಡಿ.

ಕಾಲದ ಮಾತು. ನವೆಂಬರಿನಿಂದ ಅರೇಬಿಕಾ ಹಣ್ಣು, ಅಡಿಕೆ ಕೊಯ್ಲು ಎರಡೂ ಮೈಮೇಲೆ ಬರುತ್ತವೆ. ಅವು ಮುಗಿದ ಮೇಲೆ ಬೆಟ್ಟದಲ್ಲಿ ನೀರಿಲ್ಲ, ಬೆಂಕಿಯ ಭಯ ಬೇರೆ. ನಮಗೆ ಸಿಗುವುದು ದಸರೆಯಿಂದೀಚೆಗಿನ ಒಂದೆರಡು ವಾರ ಮಾತ್ರ. ಇಂಬಳ ಇದ್ದೇ ಇರುತ್ತದೆ, ತೋಟದವರಿಗೆ ಅದೇನು ದೊಡ್ಡದಲ್ಲ. 2024ರಿಂದ ಅರಣ್ಯ ಇಲಾಖೆ ಆನ್‌ಲೈನಿನಲ್ಲಿ ಮುಂಗಡ ಚೀಟಿ ಕೊಡುತ್ತಿದೆ, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯೂ ಇದೆ. ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯುವುದಕ್ಕೂ, ರಾತ್ರಿ ತಂಗುವುದಕ್ಕೂ ಅನುಮತಿಯಿದೆಯೇ ಎಂದು ಕೇಳಿಕೊಂಡೇ ಹೊರಡಿ.

ಈ ಅಕ್ಟೋಬರಿನಲ್ಲಿ ಸುಬ್ರಹ್ಮಣ್ಯದ ಕಡೆಯಿಂದ ಮತ್ತೆ ಹೊರಡುತ್ತೇವೆ. ಭಾವ ಈಗಲೇ ಬೆತ್ತದ ಕೋಲು ಕಡಿಸಿಟ್ಟಿದ್ದಾರೆ. ಬರುವ ಮನಸ್ಸುಳ್ಳವರು ಸಂಘದ ಕಚೇರಿಯಲ್ಲಿ ಹೆಸರು ಕೊಡಬಹುದು. ಟಾರ್ಚು ತಲೆಗೊಂದು.