ಹೋರಿಯಲ್ಲಿ ಅಡಗಿ ಕರುವಿನಲ್ಲಿ ತೋರುವ ದೋಷ

ಬೆಂಗಳೂರಿನ ಆರ್‌ಪಿಸಿ ಲೇಔಟಿನಂತಹ ಬಡಾವಣೆಗಳಲ್ಲಿ ನಾವು ಬೆಳಿಗ್ಗೆ ಕಾಯಿಸುವ ಹಾಲು ಬಹುಮಟ್ಟಿಗೆ ಮಿಶ್ರತಳಿಯ ಹಸುಗಳದು. ಕಪ್ಪು-ಬಿಳುಪು ಮೈಯ ಆ ಹಸುಗಳ ತಂದೆಯ ಕಡೆಯ ಕುಲವು ಹಾಲ್‌ಸ್ಟೀನ್. ನಗರದ ಸಮೀಪದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯದ ಕೇಂದ್ರವು 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾಯಿತು. -196 ಡಿಗ್ರಿ ಸೆಂಟಿಗ್ರೇಡಿನ ದ್ರವ ಸಾರಜನಕದಲ್ಲಿ ವೀರ್ಯವು ವರ್ಷಗಟ್ಟಲೆ ಕೆಡದೆ ಉಳಿಯುವುದರಿಂದ, ಒಂದೇ ಹೋರಿಯು ತಾನು ಕಾಣದ ಊರುಗಳಲ್ಲಿ ಸಾವಿರಾರು ಕರುಗಳಿಗೆ ತಂದೆಯಾಗಬಲ್ಲದು. ಅದರೊಳಗೆ ಅಡಗಿದ ದೋಷವೂ ಅಷ್ಟೇ ದೂರ ಸಾಗುತ್ತದೆ.

ಇಂತಹದೊಂದು ದೋಷವನ್ನು ಡೆನ್ಮಾರ್ಕಿನ ವಿಜ್ಞಾನಿಗಳೇ ಹಾಲ್‌ಸ್ಟೀನ್ ಕರುಗಳಲ್ಲಿ ಕಂಡು 2001ರಲ್ಲಿ ವಿವರಿಸಿದರು. ಕುತ್ತಿಗೆ ಗಿಡ್ಡ, ಬೆನ್ನೆಲುಬಿನ ಮಣಿಗಳು ಅರೆಬರೆಯಾಗಿ ಬೆಳೆದು ಒಂದಕ್ಕೊಂದು ಬೆಸೆದಿರುತ್ತವೆ, ಮುಂಗಾಲಿನ ಗೆಣ್ಣುಗಳು ಮಡಚಿ ಬಿಗಿದಿರುತ್ತವೆ. ಇಂತಹ ಕರುಗಳಲ್ಲಿ ಬಹುಪಾಲು ಗರ್ಭದಲ್ಲಿಯೇ ಸಾಯುತ್ತವೆ. ಹಸು ಕಂದು ಹಾಕಿತೆಂಬುದಷ್ಟೇ ರೈತನಿಗೆ ತಿಳಿಯುವುದು. ಕರುವಿನೊಡನೆ ಬರಬೇಕಾಗಿದ್ದ ಹಾಲೂ ಹೋದಂತೆಯೇ. ಇದನ್ನು ಗ್ರಹಣದ ದೋಷವೆನ್ನುವವರು ಇಂದಿಗೂ ಉಂಟು.

ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದಾಗ ಸಿಕ್ಕಿದ್ದು 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬೆಲ್ ಎಂಬ ಹೋರಿ, ಅದರಾಚೆಗೆ ಅದರ ತಂದೆ. ಬೆಲ್‌ನ ಹೆಣ್ಣು ಸಂತತಿಯು ಹೇರಳವಾಗಿ ಹಾಲು ಕೊಡುತ್ತಿದ್ದುದರಿಂದಲೇ ಅದರ ವೀರ್ಯಕ್ಕೆ ಲೋಕವೆಲ್ಲ ಬೇಡಿಕೆ! ದೋಷವಿದ್ದುದು ಎಸ್‌ಎಲ್‌ಸಿ35ಎ3 ಎಂಬ ಜೀನಿನಲ್ಲಿ. ಜೀವಕೋಶದೊಳಗೆ ಒಂದು ಬಗೆಯ ಸಕ್ಕರೆಯನ್ನು ಸಾಗಿಸುವ ಪ್ರೋಟೀನು ಈ ಜೀನಿನ ಆದೇಶದಂತೆ ಸಿದ್ಧವಾಗುತ್ತದೆ. ಭ್ರೂಣದ ಬೆನ್ನುಮಣಿಗಳು ಸರಿಯಾಗಿ ರೂಪುಗೊಳ್ಳಲು ಅದು ಬೇಕು. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ, 'ಜಿ' ಇರಬೇಕಾದಲ್ಲಿ 'ಟಿ', ಬಂದುದರಿಂದ ಪ್ರೋಟೀನಿನ 180ನೆಯ ಸ್ಥಾನದ ವ್ಯಾಲೀನ್ ಹೋಗಿ ಫಿನೈಲ್ಅಲನೀನ್ ಕುಳಿತಿತು.

ಪ್ರತಿಯೊಂದು ಜೀನಿಗೂ ಎರಡು ಪ್ರತಿಗಳುಂಟು. ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರತಿ ಸರಿಯಾಗಿದ್ದರೆ ಸಾಕು, ಪಶುವು ಆರೋಗ್ಯವಾಗಿಯೇ ಇರುತ್ತದೆ. ಆದರೆ ಅದು ದೋಷದ ವಾಹಕ. ಎರಡೂ ಕೆಟ್ಟಾಗ ಮಾತ್ರ ವೈಕಲ್ಯವು ತೋರುತ್ತದೆ. ಇಲ್ಲಿ ನಾಣ್ಯ ಚಿಮ್ಮುವ ಲೆಕ್ಕವೇ ಸಾಕು. ವಾಹಕ ಹೋರಿಗೂ ದೋಷವಿಲ್ಲದ ನಾಟಿ ಹಸುವಿಗೂ ಹುಟ್ಟಿದ ಕರುಗಳೆಲ್ಲ ನೆಟ್ಟಗಿರುತ್ತವೆ. ಅವುಗಳಲ್ಲಿ ಅರ್ಧದಷ್ಟು ವಾಹಕಗಳು. ಆ ಕರು ಬೆಳೆದು ಹಸುವಾದಾಗ ಅದೇ ಹೋರಿಯ ವೀರ್ಯವನ್ನು ಮತ್ತೆ ಬಳಸಿದರೆ? ಹಸು ವಾಹಕವಾಗಿರುವ ಸಂಭವ 1/2; ಇಬ್ಬರೂ ವಾಹಕರಾದಾಗ ಎರಡು ಕೆಟ್ಟ ಪ್ರತಿಗಳು ಕೂಡುವ ಸಂಭವ 1/4; ಗುಣಿಸಿದರೆ ಎಂಟಕ್ಕೊಂದು. ಅಪಾಯವು ಮೊದಲ ಪೀಳಿಗೆಯಲ್ಲಲ್ಲ, ಎರಡನೆಯದರಲ್ಲಿ.

ಹಾಗೆಂದು ಸೊಟ್ಟಗಾಲಿನ ಕರುವಿಗೆಲ್ಲ ಜೀನೇ ಕಾರಣವಲ್ಲ. ಗರ್ಭಿಣಿ ಹಸುವಿಗೆ ತಗಲುವ ಅಕಬಾನೆ ವೈರಸ್ಸು, ಮೇವಿನಲ್ಲಿ ಮ್ಯಾಂಗನೀಸಿನ ಕೊರತೆ, ಇವುಗಳಿಂದಲೂ ಹಾಗಾಗಬಹುದು. ನಿಶ್ಚಯವಾಗಿ ಹೇಳಬಲ್ಲುದು ಡಿಎನ್‌ಎ ಪರೀಕ್ಷೆಯೇ. ಹೋರಿಯ ರಕ್ತ ಇಲ್ಲವೆ ವೀರ್ಯದಿಂದ ಅದನ್ನು ನಡೆಸಬಹುದು. ರೈತನ ಕೈಯಲ್ಲಿರುವ ಉಪಾಯ ಇನ್ನೂ ಸರಳ: ವೀರ್ಯದ ನಳಿಕೆಯ ಮೇಲೆ ಹೋರಿಯ ಸಂಖ್ಯೆಯು ಅಚ್ಚಾಗಿರುತ್ತದೆ. ಅದನ್ನು ಬರೆದಿಟ್ಟುಕೊಂಡರೆ, ಮಗಳ ಸರದಿ ಬಂದಾಗ ಬೇರೆ ಹೋರಿಯದನ್ನು ಕೇಳಿ ಪಡೆಯಬಹುದು.