ದೊಡ್ಡವಳಾದಳು ಎಂಬ ಮಾತು

‘ಹುಡುಗಿ ದೊಡ್ಡವಳಾದಳು.’ ಈ ಮಾತಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡು ಹದಿಮೂರರ ಬಾಲೆಯ ದೇಹದಲ್ಲಿ ಆಗುವ ಸಹಜವಾದ ಬದಲಾವಣೆಯೊಂದಕ್ಕೆ ನಮ್ಮ ಹಿರಿಯರು ಕೊಟ್ಟ ಮರ್ಯಾದೆಯ ಹೆಸರು ಅದು. ಹುಡುಗನ ವಿಷಯದಲ್ಲಿ ಇಂಥ ಮಾತಿಲ್ಲ. ಅವನು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯುತ್ತಾನೆ. ಹುಡುಗಿ ಮಾತ್ರ ಒಂದೇ ದಿನದಲ್ಲಿ ದೊಡ್ಡವಳಾಗಿಬಿಡುತ್ತಾಳೆ. ಈ ಮಾತು ದೇಹಕ್ಕೆ ಸಂಬಂಧಿಸಿದ್ದೇ ಹೊರತು ಮನಸ್ಸಿಗಲ್ಲ ಎಂಬುದನ್ನು ನಾವು ಮರೆತಿದ್ದೇವೆ. ಆ ಮರೆವಿಗೆ ಬೆಲೆ ತೆರುತ್ತಿರುವವರು ನಮ್ಮ ಹೆಣ್ಣುಮಕ್ಕಳು.

ಹರಿಹರ ತಾಲ್ಲೂಕಿನ ಸಾರಥಿಯಲ್ಲಿ ಒಮ್ಮೆ ಪರಿಚಿತರ ಮನೆಯ ಜಗುಲಿಯ ಮೇಲೆ ಕುಳಿತಿದ್ದೆ. ಅಂಗಳದಲ್ಲಿ ಮಕ್ಕಳು ಕುಂಟಾಬಿಲ್ಲೆ ಆಡುತ್ತಿದ್ದರು. ಏಳನೆಯ ತರಗತಿಯಲ್ಲಿ ಓದುತ್ತಿದ್ದ ಆ ಮನೆಯ ಮೊಮ್ಮಗಳು ಕಂಬಕ್ಕೆ ಒರಗಿ ಸುಮ್ಮನೆ ನೋಡುತ್ತಿದ್ದಳು. “ನೀನೇಕೆ ಆಡುವುದಿಲ್ಲ, ತಂಗಿ?” ಎಂದೆ. ಅವಳು ಉತ್ತರ ಕೊಡದೆ ಅಜ್ಜಿಯ ಮುಖ ನೋಡಿದಳು.

“ಇನ್ನೇನು ಕುಣಿಯೋ ವಯಸ್ಸೇನವ್ವ ಅವಳ್ದು? ಹೋದ ತಿಂಗಳು ದೊಡ್ಡಾಕಿ ಆದ್ಲು” ಎಂದರು ಅಜ್ಜಿ. ತುಸು ಹೊತ್ತಿನ ಮೇಲೆ ತಾವಾಗಿಯೇ ಹೇಳಿದರು: “ನಂದೂ ಅಷ್ಟೇ. ತೊಟ್ಟಿಲಿಂದ ಇಳಿದೆ, ತೊಟ್ಟಿಲು ತೂಗಾಕೆ ನಿಂತೆ.”

ಆ ದನಿಯಲ್ಲಿ ದೂರು ಇರಲಿಲ್ಲ. ಮಳೆ ಬೆಳೆಯ ಮಾತಾಡಿದಂತೆ ಆಡಿದ ಮಾತು ಅದು. ನನ್ನನ್ನು ಕಾಡಿದ್ದೂ ಅದೇ.

ಹಿಂದಿರುಗುವಾಗ ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿ ಕೆಲಹೊತ್ತು ನಿಂತೆ. ಸ್ವಾತಂತ್ರ್ಯಕ್ಕೆ ಮುಂಚೆ ಈ ದಂಡೆ ಮೈಸೂರು ಸಂಸ್ಥಾನ. ಆ ದಂಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, 1894ರಲ್ಲಿ, ಮೈಸೂರು ಸರ್ಕಾರ ಒಂದು ಕಾಯಿದೆ ತಂದಿತು. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಕೂಡದು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದು. ಆಚೆಯ ದಂಡೆಯಲ್ಲಿ ಇಷ್ಟೂ ಇರಲಿಲ್ಲ. ಬ್ರಿಟಿಷರ 1891ರ ಕಾಯಿದೆ ಸಹವಾಸದ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತ್ತೇ ವಿನಾ ಮದುವೆಯ ವಯಸ್ಸಿನ ಗೊಡವೆಗೆ ಹೋಗಿರಲಿಲ್ಲ. ಹೊಳೆಯೊಂದನ್ನು ದಾಟಿದರೆ ಹೆಣ್ಣಿನ ಬಾಲ್ಯದ ಅಳತೆಯೇ ಬದಲಾಗುತ್ತಿತ್ತು!

ಎಂಟು ವರ್ಷವೆಂದರೆ ಇಂದು ನಮಗೆ ನಾಚಿಕೆಯಾಗಬಹುದು. ಆದರೆ ಅಂದು ಅಷ್ಟನ್ನು ಹೇಳುವುದಕ್ಕೂ ಧೈರ್ಯ ಬೇಕಿತ್ತು. ಮುಂದೆ, 1930ರ ಏಪ್ರಿಲ್ 1ರಂದು ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದ ಶಾರದಾ ಕಾಯಿದೆ ಹದಿನಾಲ್ಕು ಎಂದಿತು. ಅದು 1949ರಲ್ಲಿ ಹದಿನೈದಾಯಿತು, 1978ರಲ್ಲಿ ಹದಿನೆಂಟಾಯಿತು. ಎಂಟರಿಂದ ಹದಿನೆಂಟಕ್ಕೆ ಬರಲು ಈ ನಾಡಿಗೆ 84 ವರ್ಷ ಹಿಡಿಯಿತು. 2006ರ ಕೇಂದ್ರ ಕಾಯಿದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯ ಪ್ರಕಾರ, ನಮ್ಮ ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು.

ಕಾಯಿದೆಗಳು ನಡೆದುಬಂದ ಈ ದಾರಿಯ ನೋವನ್ನು ನಮ್ಮ ಸಾಹಿತ್ಯ ಬಲ್ಲದು. ಹತ್ತರ ವಯಸ್ಸಿನಲ್ಲಿ ಮದುವೆಯಾಗಿ ಹದಿನಾಲ್ಕಕ್ಕೆ ವಿಧವೆಯಾದ ನಂಜನಗೂಡಿನ ತಿರುಮಲಾಂಬ ಲೇಖಕಿಯಾದರು, ಸತೀಹಿತೈಷಿಣೀ ಗ್ರಂಥಮಾಲೆಯನ್ನು ನಡೆಸಿದರು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ನಾವು ಓದಿದೆವು, ಪ್ರೇಮಾ ಕಾರಂತರ ಚಿತ್ರದಲ್ಲಿ ಕಂಡು ಕಣ್ಣೊರೆಸಿಕೊಂಡೆವು. ಅದು ಮುಗಿದ ಕಾಲದ ಕತೆಯೆಂದು ಸಮಾಧಾನವನ್ನೂ ಪಟ್ಟುಕೊಂಡೆವು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಹೇಳುತ್ತದೆ? ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಆಗ ‘ದೊಡ್ಡವಳಾಗುವ’ ಮುನ್ನ ಮದುವೆ ಮುಗಿಸುವ ಅವಸರ. ಈಗ ‘ದೊಡ್ಡವಳಾದ’ ಮೇಲೆ ಮನೆಯಲ್ಲಿಟ್ಟುಕೊಳ್ಳಲಾಗದ ಭಯ.

ಆ ಭಯವನ್ನು ಕ್ರೌರ್ಯವೆಂದು ತಳ್ಳಿಹಾಕುವಂತಿಲ್ಲ. ಕಡ್ಡಾಯ ಶಿಕ್ಷಣದ ಹಕ್ಕು ಹದಿನಾಲ್ಕಕ್ಕೆ ಮುಗಿಯುತ್ತದೆ. ಮದುವೆಯ ವಯಸ್ಸು ಹದಿನೆಂಟಕ್ಕೆ ಬರುತ್ತದೆ. ನಡುವಿನ ನಾಲ್ಕು ವರ್ಷ ಹುಡುಗಿ ಯಾರವಳು? ಪ್ರೌಢಶಾಲೆ ದೂರ, ಬಸ್ಸಿನಲ್ಲಿ ಕೀಟಲೆ, ಊರಿನವರ ನಾಲಗೆ, ಕೈಯಲ್ಲಿ ಕಾಸಿಲ್ಲ. ಇಷ್ಟೆಲ್ಲದರ ನಡುವೆ ತಾಯಿತಂದೆಗಳಿಗೆ ತೋರುವ ಸುಲಭದ ದಾರಿ ಒಂದೇ. ಆ ನಾಲ್ಕು ವರ್ಷಗಳಲ್ಲಿ ಶಾಲೆಯ ಬಾಗಿಲು ತೆರೆದಿದ್ದರೆ ಕಾಯಿದೆಗೆ ಅರ್ಧ ಕೆಲಸವೇ ಉಳಿಯುವುದಿಲ್ಲ.

ಪಟ್ಟಣದ ನಾವು ಇದು ಹಳ್ಳಿಯ ಮಾತೆಂದು ಕೈತೊಳೆದುಕೊಳ್ಳುವ ಹಾಗಿಲ್ಲ. ‘ಅವನು ಆಡಲಿ, ನೀನು ಬಾ, ತಟ್ಟೆ ಹಾಕು’ ಎನ್ನುವುದು ನಮ್ಮ ಮನೆಗಳಲ್ಲೇ. ಪುಟ್ಟ ಮಗುವಿಗೆ ಬಣ್ಣ ಬಳಿದು, ಪ್ರಾಯದವರ ಹಾಡಿಗೆ ಟಿ.ವಿ.ಯ ಮುಂದೆ ಕುಣಿಸಿ ಚಪ್ಪಾಳೆ ತಟ್ಟುವವರೂ ನಾವೇ. ಹಳ್ಳಿ ಭಯದಿಂದ ಮಾಡುವ ಅವಸರವನ್ನು ನಾವು ಸಂಭ್ರಮದಿಂದ ಮಾಡುತ್ತೇವೆ. ಎರಡರಲ್ಲೂ ಕಳೆದುಹೋಗುವುದು ಹುಡುಗಿಯ ಹುಡುಗಿತನವೇ.

ಸಾರಥಿಯಿಂದ ಹೊರಡುವ ಮುನ್ನ ಅಜ್ಜಿಯನ್ನು ಕೇಳಿದ್ದೆ: “ಮೊಮ್ಮಗಳ ಓದು?” ಅವರು ಸ್ವಲ್ಪ ಯೋಚಿಸಿ, “ಶಾಲೆ ಬಿಡಿಸಲ್ಲ ಬಿಡವ್ವ. ನನ್ನ ಪಾಡು ಅವಳಿಗೆ ಬ್ಯಾಡ” ಎಂದರು. ಕುಂಟಾಬಿಲ್ಲೆಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಆದರೆ ಓದಿನಷ್ಟೇ ಆಟವೂ ಆ ಹುಡುಗಿಗೆ ಸಲ್ಲಬೇಕಾದದ್ದು. ಅವಳ ದೇಹ ಬೆಳೆದಿದೆ, ನಿಜ. ಅವಳು ದೊಡ್ಡವಳಾಗುವುದಕ್ಕೆ ಇನ್ನೂ ವರ್ಷಗಳು ಬೇಕು. ಆ ವರ್ಷಗಳನ್ನು ಅವಳಿಗೆ ಬಿಟ್ಟುಕೊಡುವುದು ನಮ್ಮ ಔದಾರ್ಯವಲ್ಲ, ಅವು ಅವಳವೇ.